ಒಂದು ಕಿಲೋ

ನನ್ನ ಅಕ್ಕನ ಮಗನಿಗೆ ಕಬಡ್ಡಿಯ ಹುಚ್ಚು. 2025ರ ಜೂನ್‌ನಲ್ಲಿ ಮುಂಬೈಯ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ಮೊಬೈಲಿನಲ್ಲಿ ನೋಡಿ ಫೋನ್ ಮಾಡಿದ. "ಮಾಮ, ಇದು ಚೆಂಡು ಹಿಡಿದುಕೊಂಡು ಆಡುವ ಕಬಡ್ಡಿ. ಇದಕ್ಕೆ ಸಂಬಳವೂ ಉಂಟಂತೆ!" ರಗ್ಬಿ ಯೂನಿಯನ್‌ನಲ್ಲಿ 1995ರವರೆಗೆ ಆಟಗಾರರು ದುಡ್ಡು ಮುಟ್ಟುವ ಹಾಗೇ ಇರಲಿಲ್ಲ ಎಂದು ನಾನು ದೊಡ್ಡ ಜಾಣನಂತೆ ಹೇಳಿದೆ. ಅವನು ಅದಕ್ಕೆ ಕಿವಿಗೊಡಲಿಲ್ಲ. ಅವನ ವಿಷಯ ಬೇರೆ. ಹತ್ತನೇ ಕ್ಲಾಸು ಮುಗಿದ ಮೇಲೆ ಕ್ರೀಡಾ ಹಾಸ್ಟೆಲಿಗೆ ಸೇರಬೇಕು, ಅಜ್ಜನನ್ನು ಒಪ್ಪಿಸುವ ಕೆಲಸ ನನ್ನದು.

ಅವನಪ್ಪ ಗಲ್ಫಿನಲ್ಲಿ. ಮನೆಯಲ್ಲಿ ನಡೆಯುವುದು ನನ್ನ ಉಪ್ಪನ ಮಾತು. ಉಪ್ಪ ನಲವತ್ತು ವರ್ಷ ದಿನಸಿ ಅಂಗಡಿಯಲ್ಲಿ ಕೂತವರು. ಆಟದ ವಿಷಯದಲ್ಲಿ ಅವರ ಅಭಿಪ್ರಾಯ ನನಗೆ ಚೆನ್ನಾಗಿ ಗೊತ್ತು. ಡಿಪ್ಲೊಮಾದ ಎರಡನೇ ವರ್ಷ ಒಂದು ಹೊನಲು ಬೆಳಕಿನ ಕಬಡ್ಡಿಯಲ್ಲಿ ನನ್ನ ಬಲಭುಜ ಜಾರಿತು. ಸಂಘಟಕರು ಟ್ರೋಫಿ ಕೊಟ್ಟರು, ರಿಕ್ಷಾಕ್ಕೂ ಕಾಸು ಕೊಡಲಿಲ್ಲ. ಉಪ್ಪ ಆಸ್ಪತ್ರೆಯ ಬಿಲ್ಲು ಕಟ್ಟಿದರು, ಏನೂ ಬೈಯಲಿಲ್ಲ. ಮೂರು ತಿಂಗಳು ಎಡಗೈಯಲ್ಲೇ ಸಕ್ಕರೆ ಪೊಟ್ಟಣ ಕಟ್ಟಿಸಿದರು. ಅಲ್ಲಿಗೆ ನನ್ನ ಕಬಡ್ಡಿ ಮುಗಿಯಿತು.

ಈಗ ನಾನು ಮಿರಜ್‌ನಲ್ಲಿದ್ದೇನೆ. ಸಾಂಗ್ಲಿ, ಮಿರಜ್, ಕುಪ್ವಾಡ್ ಮೂರಕ್ಕೂ ಒಂದೇ ಮಹಾನಗರಪಾಲಿಕೆ. ಮಿರಜ್ ಎಂದರೆ ಹೊರಗಿನವರಿಗೆ ಸಿತಾರ್ ಮತ್ತು ಆಸ್ಪತ್ರೆ. ಆದರೆ ಈ ಕಡೆಯ ಮಣ್ಣಿನಲ್ಲಿ ಕುಸ್ತಿಯೂ ಉಂಟು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಮಾರುತಿ ಮಾನೆ ಸಾಂಗ್ಲಿ ಹತ್ತಿರದ ಕವಠೆ ಪಿರಾನ್‌ನವರು. ನಮ್ಮ ವರ್ಕ್‌ಶಾಪಿನ ಹಳಬರು ಈಗಲೂ ಅವರ ಹೆಸರು ಹೇಳುವಾಗ ಚಹಾ ಲೋಟ ಕೆಳಗಿಡುತ್ತಾರೆ.

ನನ್ನ ಮನಸ್ಸಿಗೆ ತಟ್ಟಿದವನು ಮಾತ್ರ ಕುಸ್ತಿಯವನಲ್ಲ. ಸಂಕೇತ್ ಸರ್ಗರ್, ವೇಟ್‌ಲಿಫ್ಟರ್. ಅವನ ತಂದೆ ಸಾಂಗ್ಲಿಯಲ್ಲಿ ಪಾನ್ ಅಂಗಡಿ, ಚಹಾ-ತಿಂಡಿಯ ಗಾಡಿ ಇಟ್ಟವರು. ನಮ್ಮೂರ ಭಾಷೆಯಲ್ಲಿ ಗೂಡಂಗಡಿ. ಸಂಕೇತ್ ಅಲ್ಲಿ ಕೆಲಸ ಮಾಡಿಕೊಂಡೇ ಬೆಳೆದವನು. ತಂಗಿ ಕಾಜೋಲ್ ಕೂಡ ಭಾರ ಎತ್ತುವವಳೇ, 2022ರ ಜೂನ್‌ನಲ್ಲಿ ಖೇಲೋ ಇಂಡಿಯಾ ಯೂತ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಳು. ಆ ಅಂಗಡಿಗೆ ಒಮ್ಮೆ ಹೋಗಬೇಕು ಅನಿಸಿತ್ತು, ಹೋಗಲಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಗಿರಾಕಿಯಲ್ಲದವ ಬಂದು ನಿಂತರೆ ಎಷ್ಟು ಕಿರಿಕಿರಿ ಎಂದು ಅಂಗಡಿಯವನ ಮಗನಿಗೆ ಗೊತ್ತಿರುತ್ತದೆ.

2022 ಜುಲೈ 30, ಶನಿವಾರ ಮಧ್ಯಾಹ್ನ. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್, 55 ಕಿಲೋ ವಿಭಾಗ. ನಮ್ಮ ಕ್ಯಾಂಟೀನಿನಲ್ಲಿ ಒಂದು ಮೊಬೈಲಿಗೆ ಏಳೆಂಟು ತಲೆ. ಸ್ನ್ಯಾಚ್ ಎಂದರೆ ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಎತ್ತುವುದು. ಅದರಲ್ಲಿ ಸಂಕೇತ್ 113 ಕಿಲೋ. ಮಲೇಷ್ಯಾದ ಅನಿಕ್ ಕಸ್ದಾನ್ 107. ಆರು ಕಿಲೋ ಮುಂದೆ! ಇನ್ನೊಂದು ಕ್ಲೀನ್ ಆ್ಯಂಡ್ ಜರ್ಕ್, ಮೊದಲು ಹೆಗಲಿಗೆ, ಆಮೇಲೆ ಮೇಲಕ್ಕೆ. ಮೊದಲ ಸಲ 135 ಎತ್ತಿದ. ಒಟ್ಟು 248. ಎರಡನೇ ಸಲ 139 ಎತ್ತುವಾಗ ಬಲ ಮೊಣಕೈ ಕೊಟ್ಟಿತು. ಕ್ಯಾಂಟೀನಿನಲ್ಲಿ ಯಾರೂ ಉಸಿರೆತ್ತಲಿಲ್ಲ. ನನ್ನ ಕೈ ತಾನಾಗಿ ನನ್ನ ಭುಜಕ್ಕೆ ಹೋಯಿತು.

ಅವನು ಮತ್ತೆ ಬಂದ, ಮೂರನೇ ಸಲ. ಅದೇ 139. ಆಗಲಿಲ್ಲ. ಕಸ್ದಾನ್ ತನ್ನ ಕೊನೆಯ ಯತ್ನದಲ್ಲಿ 142 ಎತ್ತಿದ. 249. ನಮ್ಮವನಿಗೆ ಒಂದು ಕಿಲೋ ಕಡಿಮೆ. ಉಪ್ಪನ ಅಂಗಡಿಯಲ್ಲಿ ಮೂಟೆ ಅಕ್ಕಿ ಕೊಂಡವರಿಗೆ ಮೇಲಿಂದ ಹಾಕುವ ಬೊಗಸೆಯಲ್ಲಿ ಅಷ್ಟಿರುತ್ತಿತ್ತೋ ಏನೋ. ಅದೇ ವರ್ಷ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ ಅವನು ಜರ್ಕ್‌ನಲ್ಲಿ 143 ಎತ್ತಿದ್ದ ಎಂದು ಆಮೇಲೆ ಓದಿದಾಗ ಇನ್ನಷ್ಟು ಸಂಕಟವಾಯಿತು. ಆ ಗೇಮ್ಸ್‌ನಲ್ಲಿ ಭಾರತದ ಮೊದಲ ಪದಕ ಅದು. ಕೈಯನ್ನು ಜೋಳಿಗೆ ಕಟ್ಟಿಕೊಂಡೇ ವೇದಿಕೆ ಹತ್ತಿದ. ಮೊಣಕೈಗೆ ಇಂಗ್ಲೆಂಡಿನಲ್ಲೇ ಶಸ್ತ್ರಚಿಕಿತ್ಸೆ ಆಯಿತು.

ಆ ದಿನ ನನಗೆ ಬಂದದ್ದು ಸಿಟ್ಟು. ಲ್ಯಾಬಿನಲ್ಲಿ ಉಕ್ಕಿನ ಸರಳನ್ನು ಎಳೆದು ನೋಡಿದವರಿಗೆ ಗೊತ್ತು, ಒಂದು ಮಿತಿಯವರೆಗೆ ಬಿಟ್ಟ ಕೂಡಲೇ ಅದು ಮೊದಲಿನಂತಾಗುತ್ತದೆ, ದಾಟಿದರೆ ಇಲ್ಲ. ಬೆಳ್ಳಿ ಹೆಚ್ಚುಕಡಿಮೆ ಕೈಯಲ್ಲಿತ್ತು, ಮೂರನೇ ಸಲ ಯಾಕೆ ಬೇಕಿತ್ತು? ಈಗ ಹಾಗೆ ಕೇಳುವುದಿಲ್ಲ. ಗೇಮ್ಸ್ ಬರುವುದು ನಾಲ್ಕು ವರ್ಷಕ್ಕೊಮ್ಮೆ. 55 ಕಿಲೋ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. 2025ರ ಜೂನ್‌ನಿಂದ ಗಂಡಸರ ತೂಕದ ವಿಭಾಗ ಶುರುವಾಗುವುದೇ 60ರಿಂದ. ಇಪ್ಪತ್ತೊಂದರ ಹುಡುಗ ಅಂದು ಬಾರ್ ಬಿಟ್ಟು ಬಂದಿದ್ದರೆ, ಅದೇ ಬಾರ್ ಮತ್ತೆ ಅವನಿಗಾಗಿ ಕಾಯುತ್ತಿತ್ತೇ?

ಊರಿಗೆ ಹೋದಾಗ ಇದನ್ನೆಲ್ಲ ಉಪ್ಪನಿಗೆ ಹೇಳಿದೆ. ಪದಕದ ಬಗ್ಗೆ ಅವರು ಏನೂ ಕೇಳಲಿಲ್ಲ. "ಆಪರೇಶನ್ ಖರ್ಚು ಯಾರು ಕೊಟ್ಟರು?" ಎಂದರು. ಸರ್ಕಾರ ನೋಡಿಕೊಂಡಿತು ಎಂದೆ. "ಪದಕ ಬರುವ ಮೊದಲೇ ಕೈ ಮುರಿದಿದ್ದರೆ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನನ್ನ ಭುಜವೇ ಎದುರಿಗೆ ಕೂತಿತ್ತಲ್ಲ. ಹಾಸ್ಟೆಲಿನವರ ಹತ್ತಿರ ವಿಮೆಯ ವಿಷಯ ಬರಹದಲ್ಲಿ ಕೇಳುತ್ತೇನೆ, ಅವನ ಓದು ನಿಲ್ಲದ ಹಾಗೆ ನೋಡುತ್ತೇನೆ, ಏನಾದರೂ ಆದರೆ ಬಿಲ್ಲು ನನ್ನದು ಎಂದೆ. ಉಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಎದ್ದು ಅಂಗಡಿಯ ಶಟರ್ ಎಳೆಯಲು ಹೋದರು.

ಕಳೆದ ತಿಂಗಳು ಮಿರಜ್ ಮಾರ್ಕೆಟಿನಿಂದ ಹುಡುಗನಿಗೆ ಒಂದು ಜೊತೆ ಕಬಡ್ಡಿ ಶೂ ಕಳಿಸಿದೆ. ಮರುದಿನ ಉಪ್ಪನ ಫೋನ್ ಬಂತು. ರೇಟು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಮುಂದಿನ ಸಲ ಒಂದು ನಂಬರ್ ದೊಡ್ಡದು ತೆಗಿ. ಅವನ ಕಾಲು ಇನ್ನೂ ಬೆಳೆಯುತ್ತಾ ಉಂಟು."