ಕೊಳವೆಯಲ್ಲಿ ಬಂದ ತೇವ

ನಾನು ಕಟ್ಟಿದ ಶೋಧಕಗಳು ಒಂದು ಮಳೆಗಾಲವನ್ನೂ ದಾಟಲಿಲ್ಲ. ಆಗ ನಾನು ಸಂಶೋಧನಾ ವಿದ್ಯಾರ್ಥಿ. ಎರಡು ಗಾಜಿನ ಹಾಳೆ, ನಡುವೆ ಎರಡು ಮಿಲಿಮೀಟರ್ ಸಂದು, ಅದರಲ್ಲಿ ಸದಾ ಹರಿಯುವ ಅನಿಲ, ಸುಮಾರು 10,000 ವೋಲ್ಟ್ ವಿದ್ಯುತ್ತು. ವಿದ್ಯುದಂಶವಿರುವ ಕಣವೊಂದು ಹಾದುಹೋದರೆ ಒಳಗೆ ಕಿಡಿ ಹಾರಿ ಸಂಕೇತ ಸಿಗುತ್ತದೆ. ಭಾರತದ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಯೋಜಿಸಿದ್ದೂ ಇಂಥವನ್ನೇ: 50,000 ಟನ್ ಕಾಂತೀಕರಿಸಿದ ಕಬ್ಬಿಣದ ಪದರಗಳ ನಡುವೆ ಸುಮಾರು 29,000 ಗಾಜಿನ ಪೆಟ್ಟಿಗೆಗಳು. ನ್ಯೂಟ್ರಿನೊ ಹುಟ್ಟಿಸುವ ಮ್ಯೂಆನ್ ಎಂಬ ಕಣ ಯಾವ ಕಡೆ ಬಾಗಿತೆಂದು ಅವು ಹೇಳಬೇಕು.

ಸೋರಿಕೆ ಪರೀಕ್ಷೆ ನನ್ನ ಪಾಲಿಗಿತ್ತು. ಕೆಲವು ಪೆಟ್ಟಿಗೆಗಳಲ್ಲಿ ಒತ್ತಡ ಬಹಳ ನಿಧಾನವಾಗಿ ಇಳಿಯುತ್ತಿತ್ತು. ಒಳಗಿನ ಒತ್ತಡವೇ ಹೆಚ್ಚು, ಅನಿಲ ಹೊರಗೆ ಹೋದೀತು, ಗಾಳಿ ಒಳಗೆ ಬರಲಾರದು ಎಂದುಕೊಂಡು ಅವನ್ನೂ ಪಾಸು ಮಾಡಿದೆ. ಅಗ್ಗವೆಂದು ಪ್ಲಾಸ್ಟಿಕ್ ಕೊಳವೆ ಹಾಕಿಸಿದವನೂ ನಾನೇ. ಆದರೆ ನೀರಾವಿಗೆ ಆ ಒತ್ತಡದ ಲೆಕ್ಕವಿಲ್ಲ. ಪ್ಲಾಸ್ಟಿಕ್ಕಿನ ಗೋಡೆಯನ್ನೇ ತೂರಿ ಬರುತ್ತದೆ. ಒಳಗಿನ ಫ್ಲೋರಿನ್ ಇರುವ ಅನಿಲದಲ್ಲಿ ಕಿಡಿ ಹಾರುವಾಗ ತೇವ ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಆಮ್ಲ ಗಾಜನ್ನೇ ತಿನ್ನುತ್ತದೆ. ಮಳೆ ಹಿಡಿದ ಮೇಲೆ ಒಂದೊಂದೇ ಪೆಟ್ಟಿಗೆಯಲ್ಲಿ ಸೋರುವ ವಿದ್ಯುತ್ತು ಏರಿತು, ಕಣಗಳನ್ನು ಹಿಡಿಯುವ ಶಕ್ತಿ ಕುಸಿಯಿತು. ಒಣ ಅನಿಲ ಎಷ್ಟು ಹರಿಸಿದರೂ ಹಾಳಾದ ಗಾಜು ಮೊದಲಿನಂತಾಗಲಿಲ್ಲ.

ಇವತ್ತಿಗೂ ನನ್ನನ್ನು ಕಾಡುವ ಸಂಗತಿ ಬೇರೆ. ಜಪಾನಿನ ಬೆಲ್ ಪ್ರಯೋಗದವರು ಇದೇ ಪೆಟ್ಟು ತಿಂದು ಪ್ಲಾಸ್ಟಿಕ್ ಕಿತ್ತು ತಾಮ್ರದ ಕೊಳವೆ ಹಾಕಿದ್ದರು. ಆ ವರದಿಯನ್ನು ಮೊದಲೇ ಓದಿದ್ದೆ, ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಭೌತಶಾಸ್ತ್ರವೆಂದರೆ ಸಮೀಕರಣ, ಕೊಳವೆಯೆಂದರೆ ಮೇಸ್ತ್ರಿಯ ಕೆಲಸ ಎಂಬ ಭಾವನೆ ನನ್ನಲ್ಲಿ ಬೇರೂರಿತ್ತು.

ಮೇಜಿನ ಮೇಲಿನ ಪೆಟ್ಟಿಗೆ ಕೆಟ್ಟರೆ ಬಿಚ್ಚಬಹುದು. ಆ ವೀಕ್ಷಣಾಲಯದಲ್ಲಾದರೆ ಬೆಟ್ಟದ ಹೊಟ್ಟೆಯಲ್ಲಿ, ಕಬ್ಬಿಣದ ಹಲಗೆಗಳ ನಡುವೆ, ಹಲವು ವರ್ಷ ದುಡಿಯಬೇಕಾದುದನ್ನು ಹಾಗೆ ಬಿಚ್ಚಲಾಗದು. ನೂರಕ್ಕೆ ಒಂದು ಕೆಟ್ಟರೂ 290 ಪೆಟ್ಟಿಗೆ ಕುರುಡಾಗುತ್ತವೆ. ಬಳಸುವ ಮುಖ್ಯ ಅನಿಲವೋ, ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುವಂಥದ್ದು. ಅದನ್ನು ಸೋರಬಿಡುವ ಹಕ್ಕು ಯಾರಿಗೂ ಇಲ್ಲ.

1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಮೊದಲು ಸಿಕ್ಕ ತಾಣಗಳಲ್ಲಿ ನಮ್ಮ ಕೋಲಾರದ ಗಣಿಯೂ ಒಂದು. ಆ ಹಾದಿಯಲ್ಲಿ ನಡೆಯಬಯಸುವ ಎಳೆಯರು ವೀಕ್ಷಣಾಲಯದ ಶೋಧಕಕ್ಕೆ ಮದುರೆಯಲ್ಲಿ ಕಟ್ಟಿರುವ 85 ಟನ್ನಿನ ಪುಟ್ಟ ಮಾದರಿಯ ಬಗ್ಗೆ ತಿಳಿದುಕೊಳ್ಳಲಿ. ಅದರ ಅನಿಲ ವ್ಯವಸ್ಥೆಯಿಂದಲೇ ಓದು ಶುರುಮಾಡಲಿ.