ಪಿನ್ ಸಲೀಸಾಗಿ ಜಾರಬೇಕು

ಬಿಚ್ಚಿದ ಹಳೇ ಬ್ರೇಕ್ ಪ್ಯಾಡುಗಳನ್ನು ನಾನು ತಕ್ಷಣ ಎಸೆಯುವುದಿಲ್ಲ. ಒಳಗಿನದನ್ನೂ ಹೊರಗಿನದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಈ ಸಲ ನಮ್ಮ ಆಲ್ಟೋದ ಎಡಗಡೆ ಒಳಗಿನದು ತಗಡು ಕಾಣುವಷ್ಟು ಸವೆದಿತ್ತು, ಹೊರಗಿನದು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಹಿಂದಿನ ಸಲ ಪುರಸೊತ್ತಿಲ್ಲದೆ ಗ್ಯಾರೇಜಿಗೆ ಕೊಟ್ಟಿದ್ದೆ. ಪ್ಯಾಡೇನೋ ಹೊಸದು ಹಾಕಿದ್ದಾರೆ, ಗೈಡ್ ಪಿನ್ ಮುಟ್ಟಿಯೇ ಇಲ್ಲ.

ಈ ಕ್ಯಾಲಿಪರಿಗೆ ಇರುವುದು ಒಂದೇ ಪಿಸ್ಟನ್, ಅದೂ ಒಳಬದಿಗೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಅದುಮಿದಾಗ, ಆ ಒತ್ತಡಕ್ಕೇ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರಬೇಕು. ಪಿನ್ ತುಕ್ಕು ಹಿಡಿದು ಕಚ್ಚಿಕೊಂಡರೆ ಒಳಗಿನದೊಂದೇ ದುಡಿಯುತ್ತದೆ. ಪಿನ್ ಎಳೆದು, ಹಳೇ ಗ್ರೀಸು ಒರೆಸಿ, ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ ಮತ್ತೆ ತೂರಿಸಿ ನೋಡಿ. ಒಂದು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಬಿಟ್ಟರೆ ಒಳಗೆ ಸಿಕ್ಕ ಗಾಳಿ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳುತ್ತದೆ. ಕೆಲಸ ಮುಗಿದರೂ ಅದನ್ನು ಸುಮ್ಮನೆ ನಾಲ್ಕಾರು ಸಲ ಆಡಿಸುತ್ತೇನೆ. ಬ್ರೇಕ್ ಕೆಲಸದಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಬೇರೆ ಇಲ್ಲ.

ಬೇರಿಂಗಿಗೆ ಹಾಕುವ ಗ್ರೀಸನ್ನೇ ಇಲ್ಲಿಗೂ ಮೆತ್ತುವವರಿದ್ದಾರೆ. ಪೆಟ್ರೋಲಿಯಂ ಗ್ರೀಸಿಗೆ ಬ್ರೇಕಿನ ರಬ್ಬರು ಊದಿಕೊಳ್ಳುತ್ತದೆ, ಊದಿದ ರಬ್ಬರು ಪಿನ್ನನ್ನೇ ಹಿಡಿದುಬಿಡುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಹೋಸಿನಲ್ಲೇ ಜೋತುಬಿಡುವವರು ಬೇರೆ. ಒಂದು ಗೇಣು ಬೈಂಡಿಂಗ್ ವೈರಿನಲ್ಲಿ ಸ್ಪ್ರಿಂಗಿಗೆ ಕಟ್ಟಲು ಏನು ಕಷ್ಟ? ಕೇಳಿದರೆ, “ಏನೂ ಆಗಲ್ಲ ಸರ್.” ಬ್ರೇಕಿನ ವಿಷಯದಲ್ಲಿ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ಹೋಸಿನೊಳಗಿನ ಆಯಿಲನ್ನು ನಂಬಿಯೇ ನಾವು ಘಾಟಿ ಇಳಿಯುವುದು.

ಆಗುಂಬೆಯ 14 ತಿರುವು ಇಳಿಯುವಾಗ ಎಷ್ಟೋ ಸಲ ಮುಂದಿನ ಕಾರಿನಿಂದ ಸುಟ್ಟ ಪ್ಯಾಡಿನ ವಾಸನೆ ಬರುತ್ತದೆ. ಪೆಟ್ರೋಲ್ ಉಳಿಸಲೆಂದು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿಕೊಂಡು, ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ ಬಿಟ್ಟು ಇಳಿಯುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಲೆನಾಡಿನಲ್ಲಿ ತೇವಕ್ಕೇನು ಬರವೇ? ಡಾಟ್ 3 ಆಯಿಲಿನ ಕುದಿಬಿಂದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಸೇರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯಬಹುದು. ಕಾದ ಕ್ಯಾಲಿಪರಿನಲ್ಲಿ ಆಯಿಲ್ ಕುದಿದು ಆವಿಯಾದರೆ ಮುಗಿಯಿತು; ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಪೆಟ್ರೋಲಾದರೂ ಉಳಿಯುತ್ತದೆಯೇ? ಈಗಿನ ಇಂಜೆಕ್ಷನ್ ಕಾರುಗಳು ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಇಂಜಿನ್ ಆರದಂತೆ ಒಂದಿಷ್ಟು ಕೊಡುತ್ತಲೇ ಇರಬೇಕು. ಎಷ್ಟು ಹೇಳಿದರೂ ನಮ್ಮ ಭಾವ ಇದನ್ನು ಒಪ್ಪುವುದಿಲ್ಲ. ಬರುವ ಭಾನುವಾರ ಅವರ ಕಾರಿನ ಚಕ್ರವನ್ನೂ ಬಿಚ್ಚುವವನಿದ್ದೇನೆ, ಹೊಸ ಆಯಿಲ್ ಆಗಲೇ ತಂದಿಟ್ಟಿದ್ದೇನೆ.