ಹೊಳೆ ಇಲ್ಲದ ಊರಿನ ನೀರು

ಗದಗ ಬಿಟ್ಟು ಕೊಪ್ಪಳದ ದಾರಿಯಲ್ಲಿ ಹತ್ತು-ಹನ್ನೆರಡು ಕಿಲೋಮೀಟರು. 'ಲಕ್ಕುಂಡಿ ಯಾರ್ರೀ, ಇಳೀರಿ' ಎಂದು ಕಂಡಕ್ಟರ್ ಕೂಗುತ್ತಾನೆ. ಬಸ್ಸು ನಿಮ್ಮ ಮೇಲೆ ಧೂಳು ಕೊಡವಿ ಹೊರಡುತ್ತದೆ. ಸಂಕ್ರಾಂತಿ ಹತ್ತಿರ. ದಾರಿಯುದ್ದಕ್ಕೂ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಹಿಡಿದು ನಿಂತಿತ್ತು. ಮಳೆ ಬಿಟ್ಟು ಎಷ್ಟೋ ದಿನವಾದರೂ ಆ ಕರಿಮಣ್ಣು ಒಡಲಲ್ಲಿಟ್ಟುಕೊಂಡ ತೇವದಲ್ಲೇ ಬೆಳೆ ದಾಟಿಸುತ್ತದೆ. ಹೊಳೆ ಮಾತ್ರ ಎಲ್ಲೂ ಕಾಣಲಿಲ್ಲ. ಮಲಪ್ರಭೆ ದೂರ ಬಡಗಲಿಗೆ, ತುಂಗಭದ್ರೆ ದೂರ ತೆಂಕಲಿಗೆ.

ಓಣಿ ಹಿಡಿಯುತ್ತೀರಿ. ಮಾಳಿಗೆ ಮನೆಯೊಂದರ ಕಟ್ಟೆಗೆ ಕೂಡಿಸಿದ ಕಲ್ಲಿನ ಅಂಚಿನಲ್ಲಿ ಬಳ್ಳಿಯ ಕೆತ್ತನೆ. ಅದರ ಮೇಲೆ ಹಾಲಿನ ಕ್ಯಾನು. ಶಾಸನಗಳ ಲೊಕ್ಕಿಗುಂಡಿ ಇದೇ. ಇಲ್ಲಿಯ ಟಂಕಸಾಲೆಯ ಹೊನ್ನಿಗೆ ಲೊಕ್ಕಿಗದ್ಯಾಣ ಎಂದೇ ಹೆಸರು. ಹೊಯ್ಸಳ ಇಮ್ಮಡಿ ಬಲ್ಲಾಳ 1192ರ ಸುಮಾರಿಗೆ ಇಲ್ಲಿ ಬೀಡುಬಿಟ್ಟ. ಅರಸರು ಬಂದರು, ಹೋದರು. ಊರಿನವರ ಬಾಯಲ್ಲಿ ನಿಂತವಳು ಅತ್ತಿಮಬ್ಬೆ. ಬ್ರಹ್ಮ ಜಿನಾಲಯದ ಒಳಗೆ ಹೆಜ್ಜೆಯಿಟ್ಟರೆ ಅಂಗಾಲಿಗೆ ತಣ್ಣಗಾಗುತ್ತದೆ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ನಾಲ್ಕು ಮುಖದ ಬ್ರಹ್ಮ ಕಾಣುತ್ತಾನೆ. 1007ರಲ್ಲಿ ಈ ಬಸದಿ ಕಟ್ಟಿಸಿದ ಆಕೆಯೇ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿ ಬರೆಸಿ ಹಂಚಿದವಳು. ಅಚ್ಚಿನ ಯಂತ್ರ ಬಂದು ಇಷ್ಟು ಕಾಲವಾದರೂ ಕನ್ನಡ ಪುಸ್ತಕದ ಮೊದಲ ಮುದ್ರಣ ಹೆಚ್ಚಾಗಿ ಸಾವಿರಕ್ಕೇ ನಿಲ್ಲುತ್ತದೆ, ಪ್ರಕಾಶಕರು ಬೇಜಾರು ಮಾಡಿಕೊಳ್ಳಬಾರದು.

ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರ ಲೆಕ್ಕ. ಗುಡಿ ನೋಡಲು ಎಲ್ಲರೂ ಬರುತ್ತಾರೆ. ನೀವು ಬಾವಿಗೆ ಹೋಗಿ. ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲೇ ಮುಸುಕಿನ ಬಾವಿ. ದಂಡೆಯಲ್ಲಿ ಕಡಲೆಗಿಡ ಸುಲಿಯುತ್ತ ಕೂತ ಅಜ್ಜಿ ತಲೆ ಎತ್ತುತ್ತಾಳೆ:

'ಚಪ್ಲಿ ಅಲ್ಲೇ ಬಿಡ್ರಿ ತಮ್ಮಾ. ಬರೇ ಬಾವಿ ಅಲ್ಲದು.'

ಬಿಡುತ್ತೀರಿ. ಮೂರು ದಿಕ್ಕಿನಿಂದ ಮೆಟ್ಟಿಲು ಇಳಿಯುತ್ತವೆ. ನಡುನಡುವೆ ಗೋಡೆಯಲ್ಲಿ ಮೊಣಕಾಲೆತ್ತರದ ಗೂಡುಗಳು. ಒಂದೊಂದಕ್ಕೂ ಪುಟ್ಟ ಶಿಖರ, ಪುಟ್ಟ ಬಾಗಿಲು. ಕೊಡ ಹೊತ್ತು ಇಳಿಯುವವರು ಗುಡಿ ಮುಂದೆ ಗುಡಿ ದಾಟಿಯೇ ನೀರು ಮುಟ್ಟಬೇಕು. ಬಿಸಿಲು ನಾಲ್ಕೈದು ಮೆಟ್ಟಿಲಿಗೇ ನಿಲ್ಲುತ್ತದೆ. ಕೆಳಗೆ ಪಾಚಿಯ ವಾಸನೆ, ಪಾರಿವಾಳದ ರೆಕ್ಕೆಸದ್ದು. ಮೆಟ್ಟಿಲ ಅಂಚಿಗೆ ಬೆರಳಾಡಿಸಿ ನೋಡಿ: ನಡುವೆ ಸವೆದು ತಗ್ಗಾಗಿದೆ, ಬದಿಗೆ ಇನ್ನೂ ಚೂಪು. ಶಿಲ್ಪಿಯ ಉಳಿಗಿಂತ ಹೆಂಗಸರ ಕಾಲೇ ಈ ಕಲ್ಲಿನಲ್ಲಿ ಹೆಚ್ಚು ಕೆಲಸ ಮಾಡಿದೆ ಅನ್ನಿಸುತ್ತದೆ. ಹೊಳೆ ಇಲ್ಲದ ಊರು ನೀರನ್ನು ದೇವರ ಸಾಲಿನಲ್ಲಿ ಕೂರಿಸಿದ್ದರಲ್ಲಿ ನನಗಂತೂ ಸೋಜಿಗವಿಲ್ಲ.

ಕೊನೆಯ ಮೆಟ್ಟಿಲಲ್ಲಿ ಬಗ್ಗಿ ನೀರಿಗೆ ಕೈ ಚಾಚುವಷ್ಟರಲ್ಲಿ ಮೇಲೆ ಯಾರೋ ಕೂಗುತ್ತಾರೆ: 'ಏ, ನಳ ಬಂತು!' ಪ್ಲಾಸ್ಟಿಕ್ ಕೊಡಗಳ ದಡಬಡ. ನೀವು ಹತ್ತಿ ಬರುವ ಹೊತ್ತಿಗೆ ದಂಡೆಯ ಮೇಲೆ ಕಡಲೆ ಸಿಪ್ಪೆಯ ಗುಪ್ಪೆ, ಅಜ್ಜಿ ಇಲ್ಲ.